ಆಲಿವ್ ಹಸಿರೂ ಅಜ್ಜಿಯ ಕಣ್ಣೂ

ಈಚೆಗೆ ಗೃಹಪ್ರವೇಶಕ್ಕೆಂದು ಹೋದ ಹಲವು ಮನೆಗಳಲ್ಲಿ ಒಂದೇ ಬಣ್ಣ ಕಾಣುತ್ತಿದ್ದೇನೆ: ಆಲಿವ್ ಹಸಿರು. ನಮ್ಮ ಸೈನಿಕರ ಸಮವಸ್ತ್ರದಲ್ಲಿ ಕಂಡು ಗೌರವಿಸಿದ ಬಣ್ಣವೀಗ ನಡುಮನೆಯ ಗೋಡೆಗೂ ಬಂದಿದೆ. "ಮೇಷ್ಟ್ರೇ, ಬಣ್ಣ ಹೇಗಿದೆ?" ಎಂದು ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. ಹೋಳಿಗೆ ಉಂಡ ಮನೆಯಲ್ಲೇ ವಿಮರ್ಶೆಗೆ ತೊಡಗುವುದು ಸಭ್ಯತೆಯಲ್ಲ. ಆದುದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಣ್ಣದಲ್ಲಿ ದೋಷವಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಚಿತ್ರಕಲೆಯ ತರಗತಿಯಲ್ಲಿ ಹಳದಿಗೆ ತುಸು ಕಪ್ಪು ಬೆರೆಸಿದವರಿಗೆ ನೆನಪಿರಬಹುದು. ಆಗ ದೊರೆಯುವುದು ಇದೇ ಮಾಗಿದ ಹಸಿರು. ಒಳಗೆ ಹಳದಿಯಿರುವುದರಿಂದ ತೇಗದ, ಹಲಸಿನ ಮರದ ಬಾಗಿಲುಗಳೊಡನೆ ಅದು ಚೆನ್ನಾಗಿ ಹೊಂದುತ್ತದೆ. ಹಸಿರಿಗೆ ಕೆಂಪು ಎದುರು ಬಣ್ಣವಾದ್ದರಿಂದ ರೆಡ್ ಆಕ್ಸೈಡ್ ನೆಲವೂ ಅದರ ಪಕ್ಕದಲ್ಲಿ ಕಳೆಗಟ್ಟುತ್ತದೆ.

ಆದರೆ ಅದರೊಳಗೆ ಕಪ್ಪೂ ಇದೆಯಲ್ಲ, ಅದು ಬೆಳಕನ್ನು ನುಂಗುತ್ತದೆ. ನಮ್ಮ ಹಿರಿಯರು ವರ್ಷಕ್ಕೊಮ್ಮೆ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿಯುತ್ತಿದ್ದುದು ಕೇವಲ ಬಡತನದಿಂದಲ್ಲ. ಸಣ್ಣ ಕಿಟಕಿಯಿಂದ ಬಂದ ಅಷ್ಟಿಷ್ಟು ಬೆಳಕನ್ನು ಬಿಳಿಯ ಗೋಡೆ ಕೋಣೆಯ ಮೂಲೆಮೂಲೆಗೂ ಹಂಚುತ್ತಿತ್ತು. ಇಂದಿನ 30×40 ಅಡಿ ನಿವೇಶನದ ಮನೆಯಲ್ಲಿ ಕಿಟಕಿ ದೊಡ್ಡದಿದ್ದರೂ ಎದುರಿಗೆ ನೆರೆಮನೆಯ ಗೋಡೆ ನಿಂತಿರುತ್ತದೆ. ಅಂಥ ಕೋಣೆಯ ನಾಲ್ಕೂ ಗೋಡೆಗೆ ಗಾಢವರ್ಣ ಬಳಿದರೆ ಹಗಲಿನಲ್ಲೂ ದೀಪ ಹಾಕಬೇಕಾಗುತ್ತದೆ.

ಇದರ ಕಷ್ಟ ಮೊದಲು ತಟ್ಟುವುದು ಮನೆಯ ಹಿರಿಯರಿಗೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಒಳಹೋಗುವ ಬೆಳಕು ಬಹಳ ಕಡಿಮೆಯಾಗುತ್ತದೆ. ನಿಮಗೆ 'ತಂಪು' ಎನಿಸುವ ಕೋಣೆ ನಿಮ್ಮ ತಾಯಿಗೆ ಮಬ್ಬುಗತ್ತಲೆ. ಹೊಸ್ತಿಲು ಎಡವುವುದು, ಒಂದು ಮಾತ್ರೆಯ ಬದಲು ಇನ್ನೊಂದನ್ನು ನುಂಗುವುದು ಇಂಥ ಮಬ್ಬಿನಲ್ಲೇ. ಆದರೂ ಬಣ್ಣದ ಪುಸ್ತಿಕೆಯನ್ನು ಮಕ್ಕಳು ನೋಡುತ್ತಾರೆ, ಒಳಾಂಗಣ ವಿನ್ಯಾಸಕರು ನೋಡುತ್ತಾರೆ. ಹಗಲೆಲ್ಲ ಆ ಗೋಡೆಗಳ ನಡುವೆಯೇ ಇರುವವರ ಕೈಗೆ ಅದು ಬರುವುದೇ ಇಲ್ಲ. ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ.

ಹಾಗೆಂದು ಬಣ್ಣವನ್ನು ಬಿಡಬೇಕಾಗಿಲ್ಲ. ಕಿಟಕಿಯ ಬೆಳಕು ನೇರವಾಗಿ ಬೀಳುವ ಒಂದು ಗೋಡೆಗೆ ಆಲಿವ್ ಹಸಿರಿರಲಿ. ಉಳಿದ ಮೂರಕ್ಕೆ ಕೆನೆಬಣ್ಣ, ಸೂರಿಗೆ ಬಿಳಿ ಸಾಕು. ಹಿರಿಯರ ಕೋಣೆಯ ಗೋಡೆಗಳು ತಿಳಿಯಾಗಿರಲಿ. ಡಬ್ಬಿಗಟ್ಟಲೆ ಕೊಳ್ಳುವ ಮೊದಲು ಎರಡಡಿ ಚೌಕದಷ್ಟು ಬಳಿದು ಬೆಳಿಗ್ಗೆ, ಮಧ್ಯಾಹ್ನ ಹಾಗೂ ರಾತ್ರಿ ದೀಪದ ಬೆಳಕಿನಲ್ಲಿ ನೋಡಿರಿ. ಹಳದಿ ಬೆಳಕಿನಲ್ಲಿ ಈ ಹಸಿರು ಕಂದಿಗೆ ತಿರುಗುವುದುಂಟು. ಆ ಚೌಕದ ಮುಂದೆ ಅಪ್ಪ, ಅಮ್ಮ, ಅಜ್ಜಿಯರನ್ನೂ ಕೂರಿಸಿ, ದಿನಪತ್ರಿಕೆಯನ್ನು ಕೈಗಿತ್ತು, "ಓದಲಿಕ್ಕೆ ಆಗುತ್ತದೆಯೇ?" ಎಂದು ಕೇಳಿರಿ. ಅವರ ಉತ್ತರ ಕೇಳಿದ ನಂತರವೇ ಬಣ್ಣದವನಿಗೆ ಮುಂಗಡ ಕೊಡಿರಿ.