ಹದ ನೋಡಿ ಶಸ್ತ್ರ

ಮುಂಡರಗಿ, ಶಿರಹಟ್ಟಿಗಳ ರೈತನು ಗಟ್ಟಿನೆಲದಲ್ಲಿ ಶೇಂಗಾ ಕೀಳಲಾರನು; ಕಿತ್ತರೆ ಬಳ್ಳಿ ಕೈಗೆ ಬಂದೀತು, ಕಾಯಿ ಮಣ್ಣಿನಲ್ಲಿಯೇ ಉಳಿದೀತು. ನೆಲ ಹದವಾಗುವವರೆಗೆ ಅವನು ಕಾಯುತ್ತಾನೆ.

ಶ್ವಾಸಕೋಶದ ಕ್ಯಾನ್ಸರು ನೆರೆಯ ಗ್ರಂಥಿಗಳಿಗೆ ಹಬ್ಬಿಯೂ ಶಸ್ತ್ರಕ್ರಿಯೆಗೆ ಒದಗುವಂತಿದ್ದರೆ ವೈದ್ಯರ ನ್ಯಾಯವೂ ಇದೇ. ಗದಗ-ಬೆಟಗೇರಿಯಿಂದಲೋ ಲಕ್ಷ್ಮೇಶ್ವರದಿಂದಲೋ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಇಲ್ಲವೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋದ ಮನೆಮಂದಿ, “ಕೊಯ್ದು ತೆಗೆಯದೆ ತಡವೇಕೆ?” ಎಂದು ಕಳವಳಗೊಳ್ಳುವುದು ಸಹಜ. ಅದು ತಡವಲ್ಲ, ಚಿಕಿತ್ಸೆಯ ಮೊದಲ ಹೆಜ್ಜೆ. ಮೂರು ವಾರಕ್ಕೊಮ್ಮೆ, ಸಾಮಾನ್ಯವಾಗಿ 3-4 ಸಲ ಕೊಡುವ ಔಷಧದ ಉದ್ದೇಶ ಎರಡು: ಗಡ್ಡೆಯನ್ನು ಕುಗ್ಗಿಸುವುದು, ಶಸ್ತ್ರ ಮುಟ್ಟಲಾರದೆಡೆ ಅಡಗಿರಬಹುದಾದ ರೋಗಕಣಗಳನ್ನು ಕೊಲ್ಲುವುದು.

ಫಲವೆಷ್ಟು? 15 ಪ್ರಯೋಗಗಳ 2385 ರೋಗಿಗಳ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಬರಿಯ ಶಸ್ತ್ರಕ್ರಿಯೆಯಾದವರಲ್ಲಿ ಐದು ವರ್ಷ ಬದುಕಿದವರು ನೂರಕ್ಕೆ 40. ಮೊದಲು ಔಷಧ ಪಡೆದವರಲ್ಲಿ 45. 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಇದರೊಡನೆ ನಿವೊಲುಮಾಬ್ ಸೇರಿದಾಗ ನೂರಕ್ಕೆ 24 ಮಂದಿಯಲ್ಲಿ, ಸೇರದಾಗ ಸುಮಾರು ಇಬ್ಬರಲ್ಲಿ, ಕೊಯ್ದ ಭಾಗದಲ್ಲಿ ಜೀವಂತ ಕ್ಯಾನ್ಸರ್ ಕಣವೇ ಕಾಣಲಿಲ್ಲ.

ನೂರಕ್ಕೆ ಐವರು ಅಲ್ಪವೆನಿಸಬಹುದು. ಆ ಐವರಲ್ಲೊಬ್ಬರು ಯಾವುದೋ ಮನೆಯ ಹಿರಿಯರು. ಎರಡು ಸಲದ ಔಷಧಕ್ಕೇ ಕೆಮ್ಮು ಇಳಿಯಿತೆಂದು ಊರಿಗೆ ಮರಳಿ ಕುಳಿತರೆ, ಹದಗೊಂಡ ಹೊಲವನ್ನು ಕೀಳದೆ ಒಣಗಲು ಬಿಟ್ಟಂತೆ.