ಊಟಿಯಲ್ಲಿ ಕಳೆದುಹೋದ ನಾಲಿಗೆ

ಕನ್ನಡದ ಹುಡುಗರೇ! ಪ್ರೆಸ್ಸಿಗೆ ಎರಡು ದಿನ ಬೀಗ ಜಡಿದು ನಾವು ನಾಲ್ವರು ಗೆಳೆಯರು ಊಟಿಗೆ ಹೋಗಿದ್ದೆವು. ದಾರಿಬದಿ ಕ್ಯಾರೆಟ್ ಮಾರುವ ಬಡಗ ಅಜ್ಜಿಯೊಡನೆ ನಾವು ಚೌಕಾಸಿ ಮಾಡಿದ್ದು ಹರಕು ಇಂಗ್ಲಿಷಿನಲ್ಲಿ! ‘ಕನ್ನಡದೋರಾ?’ ಎಂದು ಆಕೆಯೇ ಕೇಳಿದರು. ಕೆನ್ನೆಗೆ ಬಾರಿಸಿದಂತಾಯಿತು.

ಬಡಗ ಎಂದರೆ ಬಡಗಣದವರು. ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರೆನ್ನುತ್ತಾರೆ. ಅವರ ನುಡಿ ನಮ್ಮ ನುಡಿಗೆ ಒಡಹುಟ್ಟು. 1956ರಲ್ಲಿ ನೀಲಗಿರಿ ಮದರಾಸಿನಲ್ಲೇ ಉಳಿಯಿತೆಂದು ವೇದಿಕೆಯಲ್ಲಿ ಗುಡುಗುತ್ತೇವೆ. ಗಡಿಗೆರೆ ಎಳೆದವರು ದಿಲ್ಲಿಯವರು, ಸರಿ. ನಮ್ಮ ನಾಲಿಗೆಗೆ ಬೀಗ ಹಾಕಿದವರು ಯಾರು? ನಾವೇ!

ಊಟಿ ಬಸ್ಸು ಹತ್ತುವವರೇ, ಫೋಟೊ ಆಮೇಲೆ ತೆಗೆಯಿರಿ. ಮೊದಲು ಕನ್ನಡದಲ್ಲಿ ಬಾಯಿ ಬಿಡಿ. 2024ರ ಮೇ ತಿಂಗಳಲ್ಲಿ ಊಟಿಗೆ ಇ-ಪಾಸ್ ಬಂತು. ಕನ್ನಡ ಆಡಲು ಯಾವ ಪಾಸೂ ಬೇಡ!