ಚಂದ್ರಗುತ್ತಿಗೆ ಹೋಗುವಿರಾ?

ಶಿಕಾರಿಪುರ, ಸೊರಬದ ಮಕ್ಕಳೇ, ಹಿಮಾಲಯದ ಎತ್ತರದ ಸಾಲುಗಳಲ್ಲಿ ಡಿಸೆಂಬರ್ ಹಿಮ ಬೀಳುವ ಕಾಲ. ಸೊರಬ ತಾಲ್ಲೂಕಿನ ಚಂದ್ರಗುತ್ತಿ ಗುಡ್ಡ ಸುಮಾರು 850 ಮೀಟರ್ ಎತ್ತರ. ಅಲ್ಲಿ ಹಿಮ ಬೀಳುವಷ್ಟು ಚಳಿಯಿಲ್ಲ. ಆದರೆ ಕಾಲು ಜಾರಿಸಲು ಇಬ್ಬನಿಯೇ ಸಾಕು!

ಮೋಡವಿಲ್ಲದ ರಾತ್ರಿ ಬಂಡೆ ಬೇಗ ತಣಿಯುತ್ತದೆ. ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಮಳೆಗಾಲದ ಪಾಚಿಯೂ ಉಳಿದಿದ್ದರೆ ಕಾಲು ನಿಲ್ಲದು.

ರೇಣುಕಾಂಬೆಯ ಗುಡಿಯಿಂದ ಮೇಲಿನ ಹಳೇ ಕೋಟೆಗೆ ಹೊರಡುವ ಮುಂಚೆ ಬಂಡೆ ಮುಟ್ಟಿ ನೋಡಿ. ಒದ್ದೆಯಿದ್ದರೆ ಬಿಸಿಲೇರುವವರೆಗೆ ಕಾಯಿರಿ. ಮಂಜು ಕವಿದಾಗ ಒಬ್ಬರೇ ಮುಂದೆ ಓಡಬೇಡಿ. ಅಜ್ಜ-ಅಜ್ಜಿಯರೇ, ಡಿಸೆಂಬರಿನಲ್ಲಿ ಬೇಗ ಕತ್ತಲಾಗುತ್ತದೆ. ಹೊತ್ತು ಮುಳುಗುವ ಮೊದಲೇ ಮೊಮ್ಮಕ್ಕಳೊಂದಿಗೆ ಇಳಿದುಬಿಡಿ.

ಮಾಡಿ ನೋಡಿ: ರಾತ್ರಿ ಅಂಗಳದಲ್ಲಿ ಸ್ಟೀಲ್ ತಟ್ಟೆ ಇಡಿ. ಬೆಳಿಗ್ಗೆ ಅದರ ಮೇಲೆ ಬೆರಳಾಡಿಸಿ.